ಹಿತ್ತಲ ಗಿಡ ಹಳದಿಯಾಗಿದೆಯಾ? ಗೊಬ್ಬರ ತರುವ ಮೊದಲು ಒಂದು ಗುಂಡಿ ತೋಡಿ

ಕಳೆದ ವರ್ಷ ಏಪ್ರಿಲ್‌ನಲ್ಲಿ ಕುಮಟಾದಿಂದ ಅಕ್ಕ ಫೋನ್ ಮಾಡಿದಳು.

"ತಮ್ಮಾ, ಹಿತ್ತಲ ಮೆಣಸಿನ ಗಿಡ ಎಲ್ಲ ಹಳದಿ ಆಗ್ತಾ ಇದೆ. ಒಂದು ಮುಷ್ಟಿ ಯೂರಿಯಾ ಹಾಕಿಬಿಡ್ಲಾ?"

"ಈಗ್ಲೇ ಬೇಡ ಅಕ್ಕ. ಯಾವ ಎಲೆ ಹಳದಿ ಆಗಿದೆ, ಕೆಳಗಿನದಾ ಮೇಲಿನದಾ? ಮೊದಲು ಅದನ್ನ ಹೇಳು."

"ಎಲ್ಲ ಎಲೆಯದ್ದೂ ಅಂಚು ಸುಟ್ಟ ಹಾಗಿದೆ. ತುದಿಯಿಂದ ಶುರುವಾಗಿದೆ."

ಅದೇ ವಾರ ಶಿರಸಿ ಹತ್ತಿರದ ನಮ್ಮ ಹಿತ್ತಲಲ್ಲೂ ಮೆಣಸು ಹಳದಿಯಾಗಿತ್ತು. ಬೀಜ ಇಬ್ಬರದೂ ಒಂದೇ ಪೊಟ್ಟಣದ್ದು. ಆದರೆ ನಮ್ಮಲ್ಲಿ ಅಂಚು ಸುಟ್ಟಿರಲಿಲ್ಲ. ಗಿಡ ಮೊಣಕಾಲೆತ್ತರಕ್ಕೂ ಬಾರದೆ ನಿಂತಲ್ಲೇ ನಿಂತಿತ್ತು. ಮುಂಡಗೋಡದಲ್ಲಿರುವ ನನ್ನ ಗೆಳೆಯನೂ ಅದೇ ಸುಮಾರಿಗೆ ಫೋಟೊ ಕಳಿಸಿದ್ದ. ಅವನ ಗಿಡದಲ್ಲಿ ಕೆಳಗಿನ ಎಲೆ ಚೆನ್ನಾಗಿ ಹಸಿರಾಗಿತ್ತು, ಮೇಲಿನ ಚಿಗುರು ಮಾತ್ರ ಹಳದಿ. ಮೂರೂ ಕಡೆ ದೂರು ಒಂದೇ, ಕಾರಣ ಮೂರು ಬೇರೆ. ಮೂವರೂ ಯೂರಿಯಾ ಹಾಕಿದ್ದರೆ ಮೂವರ ಗಿಡವೂ ಸರಿಯಾಗುತ್ತಿರಲಿಲ್ಲ, ಅಕ್ಕನ ಗಿಡ ಮಾತ್ರ ಇನ್ನೂ ಬೇಗ ಒಣಗುತ್ತಿತ್ತು. ಆಗ ನಾವು ಹೇಗೆ ಹುಡುಕಿದೆವು ಎನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಗುದ್ದಲಿ, ಬಕೆಟ್, ಒಂದು ಗಾಜಿನ ಬಾಟಲಿ, ಒಂದು ಅಳತೆಪಟ್ಟಿ ಇದ್ದರೆ ಸಾಕು.

ಒಂದೇ ಜಿಲ್ಲೆ, ಮೂರು ಥರದ ನೆಲ

ಉತ್ತರ ಕನ್ನಡದವರಿಗೆ ಇದು ಗೊತ್ತಿರುವುದೇ. ಆದರೂ ಗಿಡದ ವಿಷಯ ಬಂದಾಗ ಮರೆಯುತ್ತೇವೆ. ಕಾರವಾರದಲ್ಲಿ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಬೀಳುತ್ತದೆ. ಮುಂಡಗೋಡ, ಹಳಿಯಾಳಕ್ಕೆ ಹೋದರೆ ಅದರ ಅರ್ಧವೂ ಇಲ್ಲ. ಕರಾವಳಿಯಲ್ಲಿ ಮರಳು ಮಣ್ಣು, ಅದರ ಹಿಂದೆ ಹೊಳೆಬಾಯಿಯ ಗಜನಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆ. ಘಟ್ಟ ಹತ್ತಿದರೆ ಚಿರೆಕಲ್ಲಿನ ಕೆಂಪು ನೆಲ. ಮೂಡಲಕ್ಕೆ ಇಳಿದರೆ ಬಯಲುಸೀಮೆಯ ಅಂಚು, ಜೋಳ ಮತ್ತು ಹತ್ತಿಯ ಹೊಲ.

ಇನ್ನೊಂದು ಮಾತು. ಇಷ್ಟು ಮಳೆಯ ಜಿಲ್ಲೆ ಅಂತ ಹೇಳಿಕೊಳ್ಳುತ್ತೇವೆ, ಆದರೆ ಆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಡಿಸೆಂಬರ್‌ನಿಂದ ಮೇ ತನಕ ನಮ್ಮ ಹಿತ್ತಲೂ ಒಣ ಸೀಮೆಯ ಹಿತ್ತಲೇ. ಗಿಡಕ್ಕೆ ವರ್ಷದ ಸರಾಸರಿ ಬೇಕಾಗಿಲ್ಲ, ಈ ವಾರ ಬೇರಿನ ಹತ್ತಿರ ಹಸಿ ಇದೆಯಾ ಅನ್ನುವುದಷ್ಟೇ ಬೇಕು. ಹಾಗಾಗಿ ಮಳೆಗಾಲದ ದೋಷವನ್ನೂ ಬೇಸಗೆಯ ದೋಷವನ್ನೂ ಬೇರೆ ಬೇರೆಯಾಗಿ ಹುಡುಕಬೇಕು.

ಮೊದಲು ಎಲೆ ನೋಡಿ, ಆದರೆ ಅಲ್ಲೇ ನಿಲ್ಲಬೇಡಿ

ಕೆಳಗಿನ ಹಳೆ ಎಲೆ ಪೂರ್ತಿ ಹಳದಿಯಾಗಿ, ಗಿಡವೇ ಬಿಳಚಿಕೊಂಡಿದ್ದರೆ ಸಾರಜನಕ ಸಾಲುತ್ತಿಲ್ಲ. ಹಳೆ ಎಲೆಯಲ್ಲೇ ನರ ಹಸಿರಾಗಿ ಉಳಿದು ನರಗಳ ನಡುವೆ ಮಾತ್ರ ಹಳದಿಯಾಗಿದ್ದರೆ ಮೆಗ್ನೀಷಿಯಂ ಕೊರತೆ. ಜೋರು ಮಳೆಗೆ ತೊಳೆದುಹೋದ ಹುಳಿ ಮಣ್ಣಿನಲ್ಲಿ ಇದು ಜಾಸ್ತಿ. ಅದೇ ಲಕ್ಷಣ ಹೊಸ ಚಿಗುರಿನಲ್ಲಿ ಕಂಡರೆ ಕಬ್ಬಿಣ ಸಿಗುತ್ತಿಲ್ಲ ಅಂತ. ಎಲೆಯ ಅಡಿಭಾಗ ನೇರಳೆ ಬಣ್ಣಕ್ಕೆ ತಿರುಗಿ ಗಿಡ ಕುಳ್ಳಾಗಿದ್ದರೆ ರಂಜಕದ ಕಡೆ ಅನುಮಾನ ಪಡಿ. ತುದಿ, ಅಂಚು ಸುಟ್ಟಿದ್ದರೆ ಉಪ್ಪು ಇರಬಹುದು, ಪೊಟ್ಯಾಷ್ ಕೊರತೆಯೂ ಇರಬಹುದು. ಪೊಟ್ಯಾಷ್ ಆದರೆ ಹಳೆ ಎಲೆಯಿಂದ ಶುರುವಾಗುತ್ತದೆ.

ಹಳೆ ಎಲೆಯೋ ಹೊಸ ಎಲೆಯೋ ಎಂದು ಇಷ್ಟು ಒತ್ತಿ ಕೇಳುವುದಕ್ಕೆ ಕಾರಣ ಇದೆ. ಸಾರಜನಕ, ಮೆಗ್ನೀಷಿಯಂ, ಪೊಟ್ಯಾಷ್ ಇವನ್ನು ಗಿಡ ಹಳೆ ಎಲೆಯಿಂದ ತೆಗೆದು ಚಿಗುರಿಗೆ ಕಳಿಸಬಲ್ಲದು. ಹಾಗಾಗಿ ಕೊರತೆ ಮೊದಲು ಕಾಣುವುದು ಕೆಳಗೆ. ಕಬ್ಬಿಣವನ್ನು ಹಾಗೆ ಸಾಗಿಸಲು ಆಗುವುದಿಲ್ಲ, ಅದಕ್ಕೇ ಕೊರತೆ ಚಿಗುರಿನಲ್ಲಿ ಕಾಣುತ್ತದೆ.

ಆದರೆ ಕೊರತೆ ಅಂದ ಕೂಡಲೇ ಆ ಸತ್ವ ಮಣ್ಣಿನಲ್ಲಿ ಇಲ್ಲ ಅಂತ ಅಲ್ಲ. ಬೇರು ಕೊಳೆತಿದ್ದರೂ, ನೀರು ನಿಂತಿದ್ದರೂ, ಮಣ್ಣು ಗಟ್ಟಿಯಾಗಿ ಬೇರು ಇಳಿಯದಿದ್ದರೂ ಎಲೆ ತೋರಿಸುವುದು ಅದೇ ಹಳದಿ. ಅದಕ್ಕೇ ಗುಂಡಿ.

ಗುಂಡಿ ಪರೀಕ್ಷೆ

ಗಿಡದಿಂದ ಒಂದೂವರೆ ಅಡಿ ದೂರದಲ್ಲಿ ಒಂದು ಅಡಿ ಅಗಲ, ಒಂದು ಅಡಿ ಆಳದ ಗುಂಡಿ ತೋಡಿ. ತೋಡುವಾಗಲೇ ಅರ್ಧ ಉತ್ತರ ಸಿಗುತ್ತದೆ. ಗುದ್ದಲಿ ಎಷ್ಟು ಆಳಕ್ಕೆ ಸಲೀಸಾಗಿ ಇಳಿಯಿತು? ಎಲ್ಲಿ ಟಣ್ ಅಂತ ತಾಗಿತು? ಮೇಲಿನ ಕಪ್ಪು ಮಣ್ಣು ಎಷ್ಟು ಇಂಚು ಇದೆ? ಹಸಿ ಎಲ್ಲಿಂದ ಶುರು? ಎರೆಹುಳ ಕಂಡಿತಾ?

ಆಮೇಲೆ ಗುಂಡಿ ತುಂಬ ನೀರು ಹಾಕಿ. ಅದು ಇಂಗಲಿ. ಮತ್ತೆ ತುಂಬಿ ಅಳತೆಪಟ್ಟಿ ನಿಲ್ಲಿಸಿ, ಒಂದು ಗಂಟೆಯಲ್ಲಿ ಎಷ್ಟು ಇಳಿಯಿತು ನೋಡಿ. ಎರಡನೇ ಸಲದ ಲೆಕ್ಕವೇ ಲೆಕ್ಕ, ಮೊದಲ ಸಲ ಒಣ ಮಣ್ಣು ಕುಡಿಯುವುದು ಜಾಸ್ತಿ. ಗಂಟೆಗೆ 1ರಿಂದ 3 ಇಂಚು ಇಳಿದರೆ ತರಕಾರಿಗೆ ಒಳ್ಳೆಯದು. 1 ಇಂಚಿಗಿಂತ ಕಡಿಮೆ ಆದರೆ ಮಳೆಗಾಲದಲ್ಲಿ ಬೇರು ಕೊಳೆಯುವ ಜಾಗ. 4 ಇಂಚು ಮೀರಿದರೆ ನೀರೂ ನಿಲ್ಲುವುದಿಲ್ಲ, ಗೊಬ್ಬರವೂ ನಿಲ್ಲುವುದಿಲ್ಲ.

ಅಕ್ಕನ ಗುಂಡಿಯಲ್ಲಿ ನೀರು ಹಾಕಿ ಒಳಗೆ ಹೋಗಿ ಬರುವಷ್ಟರಲ್ಲಿ ಖಾಲಿ. ಕರಾವಳಿಯ ಮರಳು ಅಲ್ವಾ. ನಮ್ಮ ಗುಂಡಿಯಲ್ಲಿ ಒಂದು ಗಂಟೆಗೆ ಅರ್ಧ ಇಂಚು ಇಳಿದಿರಲಿಲ್ಲ. ಬೆಳಿಗ್ಗೆ ಹಾಕಿದ ನೀರು ಸಂಜೆ ದನ ಕಟ್ಟುವ ಹೊತ್ತಿಗೂ ಕೆಂಪಗೆ ನಿಂತಿತ್ತು.

ಬಾಟಲಿ ಪರೀಕ್ಷೆಯನ್ನೂ ಮಾಡಿಬಿಡಿ. ಗಾಜಿನ ಬಾಟಲಿಯ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು. ಚೆನ್ನಾಗಿ ಕುಲುಕಿ ಅಲುಗದ ಕಡೆ ಇಡಿ. ಒಂದು ನಿಮಿಷದಲ್ಲಿ ತಳ ಸೇರುವುದು ಮರಳು. ಎರಡು ಗಂಟೆಯೊಳಗೆ ಕೂರುವುದು ಗೋಡು. ಒಂದೆರಡು ದಿನ ನೀರನ್ನು ಕದಡಿಟ್ಟು ನಿಧಾನಕ್ಕೆ ಇಳಿಯುವುದು ಜೇಡಿ. ಮೇಲೆ ತೇಲುವುದು ಎಲೆ, ಬೇರಿನ ಚೂರು. ನಮ್ಮ ಬಾಟಲಿಯಲ್ಲಿ ತೇಲುವುದು ಏನೂ ಇರಲಿಲ್ಲ. ಅದೇ ದೊಡ್ಡ ಸುಳಿವಾಯಿತು.

ಜೆಸಿಬಿ ಮಣ್ಣು

ನಮ್ಮ ಕಡೆಯ ಹೊಸ ಮನೆಗಳ ಹಿತ್ತಲಲ್ಲಿ ನಾನು ಅತಿ ಹೆಚ್ಚು ಕಂಡ ದೋಷ ಇದೇ. ಗುಡ್ಡ ಕಡಿದು ಜಾಗ ಸಮ ಮಾಡಿಸುತ್ತೇವೆ. ಆಗ ಮೇಲಿನ ಅರ್ಧ ಅಡಿ ಕಪ್ಪು ಮಣ್ಣು ತಗ್ಗಿಗೆ ಹೋಗಿ ಬೀಳುತ್ತದೆ. ಅದರ ಮೇಲೆ ಅಡಿಯ ಕೆಮ್ಮಣ್ಣು ಬೀಳುತ್ತದೆ. ಅದರ ಮೇಲೆ ಜೆಸಿಬಿ ಹತ್ತಾರು ಸಲ ಓಡಾಡಿ ನೆಲ ಅಂಗಳದ ಹಾಗಾಗುತ್ತದೆ. ಅಲ್ಲಿ ನಾವು ಬದನೆ ಸಸಿ ನೆಟ್ಟು, ಯಾಕೆ ಬರುತ್ತಿಲ್ಲ ಅಂತ ಕೇಳುತ್ತೇವೆ. ಗಿಡ ನಿಂತಿರುವುದು ಮಣ್ಣಿನ ಮೇಲಲ್ಲ, ಮಣ್ಣಾಗಬೇಕಿದ್ದ ಕಲ್ಲಿನ ಮೇಲೆ.

ಚಿರೆಕಲ್ಲಿನ ನೆಲಕ್ಕೆ ಒಂದು ಗುಣ ಇದೆ. ನೆಲದೊಳಗೆ ಇರುವಾಗ ಮೆತ್ತಗೆ, ಕಡಿದು ಗಾಳಿಗೆ ಬಿಟ್ಟರೆ ಗಟ್ಟಿ. ಅದಕ್ಕೇ ಗೋಡೆ ಕಟ್ಟಲು ಅಷ್ಟು ಒಳ್ಳೆಯದು. 1800ರ ಸುಮಾರಿಗೆ ಈ ಸೀಮೆಯನ್ನೆಲ್ಲ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ಇಟ್ಟಿಗೆಗೆ ಇರುವ ಮಾತಿನಿಂದ ಬಂದ ಹೆಸರು. ಗೋಡೆಗೆ ವರವಾದ ಗುಣ ಗಿಡದ ಬೇರಿಗೆ ಶಾಪ. ಮುಚ್ಚಿಗೆ ಇಲ್ಲದೆ ಬಿಸಿಲಿಗೆ ಬಿದ್ದ ಕೆಮ್ಮಣ್ಣು ಮೇ ಹೊತ್ತಿಗೆ ಬಿಗಿದುಕೊಂಡುಬಿಡುತ್ತದೆ.

ನನ್ನ ಮೆಣಸಿನ ಗಿಡ ಒಂದನ್ನು ಕಿತ್ತು ಬೇರು ತೊಳೆದು ನೋಡಿದೆ. ತಾಯಿಬೇರು ನಾಲ್ಕು ಇಂಚು ಇಳಿದು ಅಲ್ಲಿಂದ ಎಲ್ ಆಕಾರಕ್ಕೆ ಮಡಚಿ ಅಡ್ಡ ಓಡಿತ್ತು. ಕೂದಲಿನಂಥ ಬಿಳಿ ಬೇರು ಇಲ್ಲವೇ ಇಲ್ಲ. ಇದ್ದವು ಮೋಟು ಮೋಟಾಗಿ, ದಪ್ಪಗೆ, ಕಂದು ಬಣ್ಣದವು. ಅಡ್ಡ ತಿರುಗಿದ ಬೇರು ಗಟ್ಟಿ ನೆಲದ ಗುರುತು. ಮೋಟು ಬೇರು ಇನ್ನೊಂದನ್ನೂ ಹೇಳುತ್ತದೆ, ಹುಳಿ. ಮಣ್ಣಿನ ಪಿಎಚ್, ಅಂದರೆ ಹುಳಿಯ ಅಳತೆ, 5.5ಕ್ಕಿಂತ ಕೆಳಗಿಳಿದರೆ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನೇ ಸಾಯಿಸುತ್ತದೆ. ರಂಜಕ ಹಾಕಿದರೂ ಕಬ್ಬಿಣ, ಅಲ್ಯೂಮಿನಿಯಂ ಅದನ್ನು ಹಿಡಿದುಕೊಂಡು ಗಿಡಕ್ಕೆ ಬಿಡುವುದಿಲ್ಲ.

ಮಾಡಿದ್ದು ಇಷ್ಟು. ಸಾಲಿನ ಉದ್ದಕ್ಕೂ ಹಾರೆಯಿಂದ ಒಂದೂವರೆ ಅಡಿ ಆಳ ಸಡಿಲಿಸಿದೆ. ಪೂರ್ತಿ ತಿರುಗಿಸಿ ಹಾಕಲಿಲ್ಲ, ಅಡಿಯ ಮಣ್ಣು ಮೇಲೆ ಬಂದರೆ ಮತ್ತೆ ಅದೇ ಕಥೆ. ಮೇಲೆ ಮೂರು ಇಂಚು ಕಳಿತ ಕೊಟ್ಟಿಗೆ ಗೊಬ್ಬರ, ಅದರ ಮೇಲೆ ಬೆಟ್ಟದ ದರಕು, ಅಂದರೆ ಉದುರಿದ ಒಣ ಎಲೆ. ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟದಿಂದ ತಲೆತಲಾಂತರದಿಂದ ಸೊಪ್ಪು, ದರಕು ತಂದು ಹಾಕಿದ್ದು ಸುಮ್ನೆ ಅಲ್ಲ. ಈ ನೆಲಕ್ಕೆ ಅದಿಲ್ಲದೆ ಬದುಕಿಲ್ಲ. ತೋಟಕ್ಕೆ ಅಷ್ಟು ಹೊರುವ ನಾವು ಹಿತ್ತಲ ತರಕಾರಿಗೆ ಒಂದು ಹೊರೆ ದರಕು ಹಾಕುವುದಿಲ್ಲ. ಅದು ನನಗೆ ನಿಜವಾಗಿ ಬೇಸರದ ವಿಷಯ. ಮೊದಲ ವರ್ಷ ಆ ಜಾಗದಲ್ಲಿ ಅಲಸಂದೆ, ಗೆಣಸು ಹಾಕಿ. ಇವು ಬಡ ಮಣ್ಣನ್ನೂ ಸಹಿಸುತ್ತವೆ, ನೆಲವನ್ನೂ ಮುಚ್ಚುತ್ತವೆ. ಮೆಣಸು, ಬದನೆ ಮುಂದಿನ ವರ್ಷಕ್ಕೆ ಇರಲಿ.

ಹುಳಿ ಮಣ್ಣಿಗೆ ಸುಣ್ಣ

ದಾಸವಾಳದ ಹೂವು ಕುದಿಸಿದ ನೀರು ಹಾಕಿ ಬಣ್ಣ ನೋಡಿ ಹುಳಿ ಕಂಡುಹಿಡಿಯುವ ವಿಡಿಯೊಗಳು ಬಹಳ ಓಡಾಡುತ್ತಿವೆ. ಮಕ್ಕಳಿಗೆ ತೋರಿಸಲು ಚೆಂದ. ಆದರೆ ಪಿಎಚ್ 5 ಮತ್ತು 6ರ ನಡುವಿನ ವ್ಯತ್ಯಾಸ ಅದರಲ್ಲಿ ತಿಳಿಯುವುದಿಲ್ಲ. ನಮಗೆ ಬೇಕಿರುವುದೋ ಅದೇ ವ್ಯತ್ಯಾಸ. ಪಿಎಚ್‌ನಲ್ಲಿ ಒಂದು ಅಂಕೆ ಕಡಿಮೆಯಾದರೆ ಹುಳಿ ಹತ್ತು ಪಟ್ಟು ಜಾಸ್ತಿ.

ಮಣ್ಣು ಪರೀಕ್ಷೆಯ ವರದಿಯಲ್ಲಿ ಹುಳಿ ಅಂತ ಖಚಿತ ಆದ ಮೇಲೆ ಸುಣ್ಣ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಪಾತಿಗೆ ಸುಮಾರು 2 ಕೆ.ಜಿ. ಸುಣ್ಣಕಲ್ಲಿನ ಪುಡಿ ಅಥವಾ ಡೋಲೊಮೈಟ್ ಮಧ್ಯಮ ಪ್ರಮಾಣ. ಮೆಗ್ನೀಷಿಯಂ ಕೊರತೆಯೂ ಕಂಡಿದ್ದರೆ ಡೋಲೊಮೈಟೇ ಒಳ್ಳೆಯದು, ಎರಡೂ ಅದರಲ್ಲಿದೆ. ಕರಾವಳಿಯ ಚಿಪ್ಪಿ ಸುಣ್ಣ, ಅಂದರೆ ಸುಟ್ಟು ಅರಳಿಸಿದ್ದು, ಜೋರು ಇರುತ್ತದೆ. ಅದಾದರೆ ಒಂದೂವರೆ ಕೆ.ಜಿ. ಸಾಕು. ನೆಡುವ ಎರಡು ಮೂರು ವಾರ ಮೊದಲೇ ಹಾಕಿ ಮಣ್ಣಿಗೆ ಬೆರೆಸಿ. ಕೊಟ್ಟಿಗೆ ಗೊಬ್ಬರದ ಜೊತೆಗೋ ಯೂರಿಯಾ ಜೊತೆಗೋ ಒಟ್ಟಿಗೆ ಹಾಕಬೇಡಿ. ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ, ಮೂಗಿಗೇ ವಾಸನೆ ಬರುತ್ತದೆ.

ಒಲೆಯ ಬೂದಿಯೂ ಹುಳಿ ಕಡಿಮೆ ಮಾಡುತ್ತದೆ, ಪೊಟ್ಯಾಷ್ ಕೂಡ ಕೊಡುತ್ತದೆ. ಆದರೆ ಪ್ರತಿದಿನದ ಬೂದಿಯನ್ನು ಒಂದೇ ಬಸಳೆ ಬುಡಕ್ಕೆ ಸುರಿಯಬೇಡಿ. ಹಿತ್ತಲ ತುಂಬ ಹರಡಿ.

ಮುಂಡಗೋಡದ ಗೆಳೆಯನಿಗೆ ಯಾರೋ ಸುಣ್ಣ ಹಾಕಲು ಹೇಳಿದ್ದರು. ಘಟ್ಟದ ಮೇಲೆ ಎಲ್ಲರೂ ಹಾಕುತ್ತಾರೆ, ನೀನೂ ಹಾಕು ಅಂತ. ಅವನು ಎರಡು ಸಲ ಹಾಕಿದ್ದ. ಅವನ ಮಣ್ಣಿಗೆ ಹುಳಿಯೇ ಇರಲಿಲ್ಲ. ಪಿಎಚ್ ಏರಿ, ಮಣ್ಣಿನಲ್ಲಿ ಇದ್ದ ಕಬ್ಬಿಣವೇ ಗಿಡಕ್ಕೆ ಸಿಗದಂತಾಯಿತು. ಚಿಗುರು ಹಳದಿಯಾಗಿದ್ದು ಅದಕ್ಕೆ. ಒಮ್ಮೆ ಹಾಕಿದ ಸುಣ್ಣವನ್ನು ವಾಪಸ್ ತೆಗೆಯಲು ಆಗುವುದಿಲ್ಲ. ಕೊಟ್ಟಿಗೆ ಗೊಬ್ಬರ ಹಾಕುತ್ತಾ ಒಂದೆರಡು ಮಳೆಗಾಲ ಕಾಯಬೇಕು ಅಷ್ಟೇ.

ಉಪ್ಪು

ಇನ್ನು ಅಕ್ಕನ ಮನೆ. ನಾನು ಹೋದಾಗ ಮೊದಲು ನೋಡಿದ್ದು ಗಿಡದ ಬುಡದ ಸುತ್ತಿನ ಪಾತಿ. ಅಂಚಿನಲ್ಲಿ ತೆಳ್ಳಗೆ ಬಿಳಿ ಪದರ. ಬೆರಳಿಗೆ ಹತ್ತಿಸಿ ನಾಲಿಗೆಗೆ ಮುಟ್ಟಿಸಿದೆ, ಉಪ್ಪು. ಬಾವಿಗೆ ಹೋಗಿ ಒಂದು ಕೊಡ ಎತ್ತಿ ಕುಡಿದು ನೋಡಿದೆ. ತೆಳು ಉಪ್ಪು, ಹೆಸರುಕಾಳಿನ ಗಂಜಿಗೆ ಹಾಕುವಷ್ಟು. "ಇದು ಮೇ ತಿಂಗಳಲ್ಲಿ ಯಾವಾಗಲೂ ಹೀಗೇ. ಈ ವರ್ಷ ಬೇಗ ಬಂತು," ಅಂದಳು ಅಕ್ಕ. ಕುಡಿಯಲು ನಲ್ಲಿ ನೀರು ಇದೆ, ಹಾಗಾಗಿ ಬಾವಿ ನೀರಿನ ಕಡೆ ಯಾರದೂ ಗಮನ ಇರಲಿಲ್ಲ.

ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನಾಲ್ಕೂ ಹೊಳೆಬಾಯಿಯಲ್ಲಿ ಭರತದ, ಅಂದರೆ ಸಮುದ್ರದ ಉಬ್ಬರದ ನೀರು ಒಳಗೆ ನುಗ್ಗುತ್ತದೆ. ಮಳೆಗಾಲದಲ್ಲಿ ಸಿಹಿನೀರಿನ ಒತ್ತಡ ಅದನ್ನು ಹಿಂದೆ ತಳ್ಳುತ್ತದೆ. ಬೇಸಗೆಯಲ್ಲಿ ಬಾವಿಯ ಮಟ್ಟ ಇಳಿದ ಹಾಗೆ ಉಪ್ಪು ಒಳಗೆ ಬರುತ್ತದೆ. ಪಂಪ್ ಹಾಕಿ ಒಂದೇ ಸಮ ಎತ್ತಿದರೆ ಇನ್ನೂ ಬೇಗ. ಆ ನೀರನ್ನು ದಿನಾ ಸ್ವಲ್ಪ ಸ್ವಲ್ಪ ಹಾಕಿದರೆ ನೀರು ಆವಿಯಾಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಗಿಡದ ಬುಡ ಹಸಿ ಇದ್ದರೂ ಬೇರಿಗೆ ನೀರು ಎಳೆಯಲು ಆಗುವುದಿಲ್ಲ. ರಾಸಾಯನಿಕ ಗೊಬ್ಬರವೂ ಬೇರಿಗೆ ಉಪ್ಪಿನ ಹೊರೆಯೇ. ಅಕ್ಕನಿಗೆ ಯೂರಿಯಾ ಬೇಡ ಅಂದಿದ್ದು ಅದಕ್ಕೆ.

ಬಾವಿ ನೀರು ನಿಲ್ಲಿಸಿ, ಅಡುಗೆಮನೆಯಲ್ಲಿ ಅಕ್ಕಿ, ತರಕಾರಿ ತೊಳೆದ ನೀರು ಮತ್ತು ನಲ್ಲಿ ನೀರನ್ನು ಪಾತಿಗೆ ತಿರುಗಿಸಿದೆವು. ದಿನಾ ಒಂದು ತಂಬಿಗೆ ಬದಲು ಮೂರು ದಿನಕ್ಕೊಮ್ಮೆ ಒಂದು ಕೊಡ. ಮರಳು ಮಣ್ಣಾದ್ದರಿಂದ ಉಪ್ಪು ಬೇಗ ಕೆಳಗೆ ತೊಳೆದುಹೋಯಿತು, ಮರಳಿನ ದೊಡ್ಡ ಉಪಕಾರ ಇದು. ಮೇಲೆ ತೆಂಗಿನ ಸಿಪ್ಪೆ ಮಗುಚಿ ಹಾಸಿದೆವು. ಸುಟ್ಟ ಎಲೆ ಮತ್ತೆ ಹಸಿರಾಗುವುದಿಲ್ಲ, ಅದನ್ನು ನೋಡುತ್ತಾ ಕೂರಬೇಡಿ. ಹೊಸ ಚಿಗುರು ನೋಡಿ. ಹದಿನೈದು ದಿನಕ್ಕೆ ಚಿಗುರು ಅಂಚು ಸುಡದೆ ಬಂತು.

ಗಜನಿ ತುಂಬಿಸಿ ಮನೆ ಕಟ್ಟಿದವರಿಗೆ ಇದು ಇನ್ನೂ ಕಷ್ಟ, ಅಡಿಯಿಂದಲೇ ಉಪ್ಪು ಏರುತ್ತದೆ. ಗಜನಿಯಲ್ಲಿ ನಮ್ಮ ಹಿರಿಯರು ಬೆಳೆದದ್ದು ಉಪ್ಪು ತಡೆಯುವ ಕಗ್ಗ ಭತ್ತ. ಅಲ್ಲಿ ಬೀನ್ಸ್ ಹಾಕಿದರೆ ಬರುವುದಿಲ್ಲ. ಎರಡು ಅಡಿ ಎತ್ತರದ ಮಡಿ ಮಾಡಿ ಹರವೆಯಿಂದ ಶುರು ಮಾಡಿ. ತೆಂಗು ಹೇಗೂ ಬರುತ್ತದೆ.

ನೀರು ಹಾಕಿದರೂ ಒಣ

ಬೇಸಗೆಯಲ್ಲಿ ತೀರಾ ಒಣಗಿದ ಮರಳಿನ ಮೇಲೆ, ಒಣ ದರಕಿನ ಪುಡಿಯ ಮೇಲೆ ನೀರು ಹಾಕಿದರೆ ಹನಿ ಹನಿಯಾಗಿ ಉರುಳಿ ಹೋಗುತ್ತದೆ. ಮೇಲೆ ಒದ್ದೆ ಕಾಣುತ್ತದೆ. ಬೆರಳು ಎರಡು ಗೆಣ್ಣು ಒಳಗೆ ತೂರಿಸಿ, ಬೂದಿಯ ಹಾಗೆ ಒಣ. ಸ್ವಲ್ಪ ನೀರು ಚಿಮುಕಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿ. ಮೂರನೇ ಸಲಕ್ಕೆ ಒಳಗೆ ಇಳಿಯುತ್ತದೆ.

ಮಣ್ಣಿನ ದೋಷವೇ ಅಲ್ಲದ್ದು

ಇದನ್ನು ಹೇಳದಿದ್ದರೆ ಮೇಲಿನದ್ದೆಲ್ಲ ಓದಿಯೂ ಮೋಸ ಹೋಗುತ್ತೀರಿ. ಹಸಿರಾಗಿಯೇ ಇದ್ದ ಬದನೆ, ಟೊಮೆಟೊ, ಮೆಣಸು ಒಂದು ಮಧ್ಯಾಹ್ನ ತಲೆ ಬಾಗಿಸುತ್ತದೆ. ಸಂಜೆ ಎದ್ದರೆ ಬರೀ ನೀರಿನ ಕೊರತೆ. ಮಣ್ಣು ಹಸಿ ಇದ್ದೂ ಸಂಜೆಗೂ ಏಳದೆ, ಎಲೆ ಹಳದಿಯೂ ಆಗದೆ ಎರಡು ಮೂರು ದಿನದಲ್ಲಿ ಪೂರ್ತಿ ಸೊರಗಿದರೆ ಅದು ದುಂಡಾಣು ಸೊರಗು ರೋಗ ಇರಬಹುದು. ಸೆಕೆ ಮತ್ತು ಹಸಿ ಎರಡೂ ಇರುವ ನಮ್ಮ ಹುಳಿ ಮಣ್ಣಿನಲ್ಲಿ ಇದರ ಕಾಟ ಬಹಳ.

ನೋಡುವ ಕ್ರಮ ಹೀಗೆ. ಸೊರಗಿದ ಗಿಡವನ್ನು ಬುಡದ ಹತ್ತಿರ ಚೂಪು ಕತ್ತಿಯಿಂದ ಕತ್ತರಿಸಿ. ಗಾಜಿನ ಲೋಟದಲ್ಲಿ ತಿಳಿ ನೀರು ತೆಗೆದುಕೊಂಡು, ಕಾಂಡದ ಕತ್ತರಿಸಿದ ತುದಿ ನೀರಿಗೆ ತಾಗುವಂತೆ ಇಳಿಬಿಡಿ. ಲೋಟ ಅಲುಗಿಸಬೇಡಿ. ಹಿಂದೆ ಕಪ್ಪು ಬಟ್ಟೆ ಹಿಡಿದು ನೋಡಿ. ರೋಗ ಇದ್ದರೆ ಕೆಲವೇ ನಿಮಿಷದಲ್ಲಿ ಕಾಂಡದಿಂದ ಹಾಲಿನಂಥ ಬಿಳಿ ಎಳೆ ಸಣ್ಣಗೆ ಇಳಿಯುತ್ತದೆ, ನೂಲು ಬಿಟ್ಟ ಹಾಗೆ ನೇರವಾಗಿ ತಳಕ್ಕೆ. ಮೊದಲ ಸಲ ಅದನ್ನು ನೋಡಿದಾಗ ನನಗೆ ಎದೆ ಧಸಕ್ಕೆಂದಿತ್ತು. ಅದೇ ಪಾತಿಗೆ ಎರಡು ತಿಂಗಳಿಂದ ಗೊಬ್ಬರ ಬದಲಿಸುತ್ತಾ ಕೂತಿದ್ದೆ.

ಇದಕ್ಕೆ ಗೊಬ್ಬರವೂ ಇಲ್ಲ, ಬದುಕಿಸುವ ಔಷಧಿಯೂ ಇಲ್ಲ. ಗಿಡವನ್ನು ಬೇರು ಸಮೇತ ಕಿತ್ತು ಸುಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಆ ಗುದ್ದಲಿಯನ್ನು ತೊಳೆದೇ ಬೇರೆ ಪಾತಿಗೆ ಒಯ್ಯಿರಿ. ಆ ಪಾತಿಯ ನೀರು ಇನ್ನೊಂದಕ್ಕೆ ಹರಿಯದಂತೆ ಕಟ್ಟಿ. ಬದನೆ, ಟೊಮೆಟೊ, ಮೆಣಸು, ಆಲೂಗಡ್ಡೆ ಎಲ್ಲ ಒಂದೇ ಬಳಗ, ಶುಂಠಿಗೂ ಇದು ಬರುತ್ತದೆ. ಅಲ್ಲಿ ಜೋಳವೋ ಬೆಂಡೆಯೋ ಹಾಕಿ ಕೆಲವು ವರ್ಷ ಬಿಡಿ. ಬದನೆ ಬೇಕೇ ಬೇಕು ಅಂದರೆ ಸುಂಡೆ ಗಿಡದ ಬೇರಿಗೆ ಕಸಿ ಕಟ್ಟಿದ ಸಸಿ ಸಿಗುತ್ತದೆ, ಅದು ಈ ರೋಗವನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ.

ಬೇರಿನ ಮೇಲೆ ಗಂಟು ಗಂಟು ಕಂಡರೆ ಜಂತುಹುಳದ ಬಾಧೆ. ಅಲಸಂದೆಯ ಬೇರಿನ ಗಂಟನ್ನು ಮಾತ್ರ ಹಾಗೆ ತಿಳಿಯಬೇಡಿ. ಉಗುರಿನಿಂದ ತಟ್ಟಿದರೆ ಉದುರುವ, ಒಳಗೆ ನಸುಗೆಂಪು ಇರುವ ಗಂಟು ಸಾರಜನಕ ಕೂಡಿಸುವುದು. ಅದು ಇರಬೇಕು.

ಮಣ್ಣು ಪರೀಕ್ಷೆಗೆ ಕಳಿಸುವಾಗ

ಇಷ್ಟು ನೋಡಿಯೂ ತೀರ್ಮಾನ ಆಗದಿದ್ದರೆ, ಅಥವಾ ಸುಣ್ಣ ಹಾಕುವ ಯೋಚನೆ ಇದ್ದರೆ, ಪರೀಕ್ಷೆ ಮಾಡಿಸಿ. ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ, ಶಿರಸಿಯವರಿಗೆ ಕೃಷಿ ವಿಜ್ಞಾನ ಕೇಂದ್ರವೂ ಇದೆ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶ ಇರುತ್ತದೆ. ಮೊದಲು ಮೂರನ್ನು ಓದಿ. ಪಿಎಚ್ 6.5ಕ್ಕಿಂತ ಕಡಿಮೆ ಇದ್ದರೆ ಹುಳಿ. ಇಸಿ ಅಂದರೆ ಉಪ್ಪಿನ ಅಳತೆ, 1ರ ಒಳಗಿದ್ದರೆ ಚಿಂತೆ ಇಲ್ಲ. ಸಾವಯವ ಇಂಗಾಲ 0.5ಕ್ಕಿಂತ ಕಡಿಮೆ ಇದ್ದರೆ ಮಣ್ಣು ಬಡವಾಗಿದೆ, 0.75 ದಾಟಿದರೆ ಒಳ್ಳೆಯದು. ನನ್ನ ಜೆಸಿಬಿ ಮಣ್ಣಿನದು 0.3 ಬಂದಿತ್ತು. ಗೊಬ್ಬರದ ಅಂಕೆಗಳಿಗಿಂತ ಮೊದಲು ಈ ಮೂರು ಸರಿಯಾಗಬೇಕು.

ಮಾದರಿ ತೆಗೆಯುವುದರಲ್ಲೇ ತುಂಬ ಜನ ತಪ್ಪುತ್ತಾರೆ. ಒಂದೇ ಕಡೆಯಿಂದ ಒಂದು ಹಿಡಿ ಕೊಟ್ಟರೆ ವರದಿ ಆ ಹಿಡಿಯದ್ದು, ಹಿತ್ತಲದ್ದಲ್ಲ. ಎಂಟು ಹತ್ತು ಕಡೆ ಕಸ ಸರಿಸಿ, ಇಂಗ್ಲಿಷಿನ ವಿ ಆಕಾರದಲ್ಲಿ ಅರ್ಧ ಅಡಿ ತೋಡಿ, ಗೋಡೆಯಿಂದ ಮೇಲಿನಿಂದ ಕೆಳಗಿನ ತನಕ ಒಂದು ಪದರ ಕೆರೆಯಿರಿ. ಎಲ್ಲ ಸೇರಿಸಿ, ನಾಲ್ಕು ಪಾಲು ಮಾಡಿ, ಎದುರು ಬದುರಿನ ಎರಡು ಪಾಲು ಬಿಡಿ. ಅರ್ಧ ಕೆ.ಜಿ. ಉಳಿಯುವ ತನಕ ಹೀಗೆ ಮಾಡಿ, ನೆರಳಿನಲ್ಲಿ ಒಣಗಿಸಿ, ಬಟ್ಟೆ ಚೀಲದಲ್ಲಿ ಕೊಡಿ. ಗೊಬ್ಬರದ ಗುಂಡಿಯ ಪಕ್ಕ, ದನ ಕಟ್ಟುವ ಕಡೆ, ಮರದ ಬುಡ, ಬೂದಿ ಸುರಿಯುವ ಜಾಗ ಬಿಡಿ. ಹೊಸದಾಗಿ ಗೊಬ್ಬರ ಹಾಕಿದ ಪಾತಿಯೂ ಬೇಡ. ಚೀಲದ ಜೊತೆ ಇಡುವ ಚೀಟಿಯಲ್ಲಿ ಹಿಂದೆ ಏನು ಬೆಳೆದಿತ್ತು, ಏನು ಬೆಳೆಯಬೇಕು ಅಂತ ಬರೆಯಿರಿ.

ಕರಾವಳಿಯವರು ಏಪ್ರಿಲ್ ಕೊನೆಯಲ್ಲಿ ತೆಗೆದರೆ ಉಪ್ಪು ಎಷ್ಟು ಏರುತ್ತದೆ ಅಂತ ಸರಿಯಾಗಿ ತಿಳಿಯುತ್ತದೆ. ಮಳೆ ಹಿಡಿದ ಮೇಲೆ ತೆಗೆದರೆ ಎಲ್ಲ ತೊಳೆದುಹೋಗಿ ವರದಿಯಲ್ಲಿ ಏನೂ ಕಾಣುವುದಿಲ್ಲ. ಅಕ್ಕ ಈ ವರ್ಷ ಒಂದು ಬಾಟಲಿ ಬಾವಿ ನೀರನ್ನೂ ಜೊತೆಗೆ ಕೊಟ್ಟಿದ್ದಾಳೆ.